ತಾವರಗೇರಾದಲ್ಲಿ ನಾನು ಹಾಕಿದ ಬಾಗಿಲು

ಗೆಳೆಯರೇ, ನಮ್ಮ ಮೊಬೈಲುಗಳ ಮೇಲೆ ಯಾರ್ಯಾರು ಕಣ್ಣಿಡುತ್ತಾರೆ ಎಂಬುದೇ ನನ್ನ ಸಂಶೋಧನೆ. ಇವತ್ತು ತಾವರಗೇರಾದಲ್ಲಿ ಶಾಂತಮ್ಮ ಎಂಬುವರ ಮನೆಗೆ ಸಂದರ್ಶನಕ್ಕೆ ಹೋಗಿದ್ದೆ. "ನೀವು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ" ಎಂದು ಮಾತು ಕೊಟ್ಟು, ನಾನೇ ಎದ್ದು ಬಾಗಿಲು ಹಾಕಿದೆ. "ನಿಮ್ಮ ಫೋನನ್ನು ಯಾರು ತೆಗೆದು ನೋಡುತ್ತಾರೆ?" ಎಂದು ಕೇಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ಅರ್ಧ ಓಣಿ ನಿಂತಿದೆ!

"ಹಗಲೊತ್ತಿನ್ಯಾಗ ಬಾಗಲಾ ಯಾಕ ಹಾಕೀಯಬೇ ಶಾಂತಕ್ಕ? ಆರಾಮ ಅದಿಯಿಲ್ಲ?"

ವಿಷಯ ತಿಳಿದ ಮೇಲೂ ಯಾರೂ ಹೋಗಲಿಲ್ಲ, ಒಳಗೆ ಬಂದು ಕೂತರು. ನನ್ನ ಪ್ರಶ್ನೆಗೆ ಶಾಂತಮ್ಮ ಬಾಯಿ ತೆರೆಯುವ ಮೊದಲೇ ಓಣಿಯೇ ಉತ್ತರಿಸಿತು: "ಸೊಸಿ ನೋಡ್ತಾಳ್ರಿ!"

ಹೊರಡುವಾಗ ಶಾಂತಮ್ಮ ನಕ್ಕರು: "ಬಾಗಲಾ ತಗದಿದ್ರ ಒಬ್ರೂ ಬರ್ತಿದ್ದಿಲ್ರಿ ಮೇಡಂ."

ನಾಳೆಯ ಗುಟ್ಟಿನ ಸಂದರ್ಶನವನ್ನು ಕುಷ್ಟಗಿ ಬಸ್ ಸ್ಟ್ಯಾಂಡಿನ ನಟ್ಟನಡುವೆ ಇಟ್ಟುಕೊಂಡಿದ್ದೇನೆ.