ಮೂವತ್ತಮೂರು ಹಲ್ಲಿನ ಗೇರು

ಎಂಬತ್ತರ ದಶಕದ ಆರಂಭದಲ್ಲಿ ನಾನು ಚನ್ನಗಿರಿಯ ಒಂದು ವರ್ಕ್‌ಶಾಪಿನಲ್ಲಿ ಮಿಲ್ಲಿಂಗ್ ಮೆಷಿನ್ ನಡೆಸುತ್ತಿದ್ದೆ. ಅಲ್ಲಿ ಐಟಿಐ ಪಾಸಾದವನು ನಾನೊಬ್ಬನೇ. ಈ ಮಹತ್ವದ ಸಂಗತಿ ಯಾರಿಗೂ ಮರೆತುಹೋಗಬಾರದೆಂದು ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ದೇವರ ಪಟದ ಪಕ್ಕದಲ್ಲೇ ನೇತುಹಾಕಿದ್ದೆ. ಮಾಲೀಕರು ಬೆಳಿಗ್ಗೆ ಹಚ್ಚುವ ಊದುಬತ್ತಿಯ ಅರ್ಧ ಹೊಗೆ ಅದಕ್ಕೂ ಸಲ್ಲುತ್ತಿತ್ತು.

ಒಂದು ದಿನ ಮಾಲೀಕರು ಹಳೆಯ ಡಿವೈಡಿಂಗ್ ಹೆಡ್ ಒಂದನ್ನು ಕೊಂಡು ತಂದರು. ಗೇರಿಗೆ ಹಲ್ಲು ಕೊರೆಯುವಾಗ ಕಬ್ಬಿಣದ ಬಿಲ್ಲೆಯನ್ನು ಪ್ರತಿ ಸಲವೂ ಒಂದೇ ಅಳತೆಯಷ್ಟು ತಿರುಗಿಸಿ ನಿಲ್ಲಿಸುವ ಸಾಧನ ಅದು. ಅದರ ಹಿಡಿಕೆಯನ್ನು ನಲವತ್ತು ಸುತ್ತು ತಿರುಗಿಸಿದರೆ ಬಿಲ್ಲೆ ಒಂದು ಸುತ್ತು ಬರುತ್ತದೆ. ಪೂರ್ತಿ ಸುತ್ತಾಗದೆ ಉಳಿದ ಚಿಲ್ಲರೆ ಲೆಕ್ಕಕ್ಕೆ ಸುತ್ತ ತೂತುಗಳ ಸಾಲುಗಳಿರುವ ಒಂದು ತಟ್ಟೆ ಇರುತ್ತದೆ; ತೂತು ಎಣಿಸಿ ಹಿಡಿಕೆಯ ಪಿನ್ನನ್ನು ಅದರಲ್ಲಿ ಕೂರಿಸಬೇಕು. ಮಾಲೀಕರು ಅದಕ್ಕೆ ಕುಂಕುಮ ಹಚ್ಚಿದರು. ನಾನು ಅದರ ಮೇಲೆ ಪ್ರವಚನ ಕೊಟ್ಟೆ.

ಲೇತ್ ನಡೆಸುತ್ತಿದ್ದ ಹಿರಿಯರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ನನ್ನ ಪ್ರವಚನ ಮುಗಿದ ಮೇಲೆ ಅವರು, "ಮೊದ್ಲು ಸುತ್ತ ಸಣ್ಣ ಗೀಟು ಹಾಕ್ಕೊಂಡು ನೋಡಪ್ಪ. ಆಮೇಲೆ ಆಳಕ್ಕೆ ಕೊರಿ" ಎಂದರು.

"ಲೆಕ್ಕ ಬಾರದವರು ಹಂಗೆ ಮಾಡ್ತಾರೆ, ಚಾಚಾ" ಎಂದೆ.

ಆ ವಾರವೇ ಜಗಳೂರಿನಿಂದ ಒಬ್ಬ ಹೆಂಗಸು ಬಂದರು. ಶೇಂಗಾ ಸುಲಿಯುವ ಮೆಷಿನ್ ಇಟ್ಟುಕೊಂಡಿದ್ದರು. ಅದರ ಗೇರು ಮುರಿದಿತ್ತು. ಹೊಸದು ಕೈಗೆ ಬರುವವರೆಗೆ ಏಳುವುದಿಲ್ಲವೆಂದು ನನ್ನೆದುರಿನ ಬೆಂಚಿನ ಮೇಲೆ ಕುಳಿತರು. ಚಾಚಾ ಬಿಲ್ಲೆ ಕಡೆದು ಕೊಟ್ಟರು. ಮೂವತ್ತಮೂರು ಹಲ್ಲು, ಅಂದರೆ ಪ್ರತಿ ಹಲ್ಲಿಗೆ ಹಿಡಿಕೆ ಒಂದು ಪೂರ್ತಿ ಸುತ್ತು, ಮೇಲೆ ತಟ್ಟೆಯ ಮೂವತ್ತಮೂರು ತೂತಿನ ಸಾಲಿನಲ್ಲಿ ಏಳು ತೂತು. ಕಾಗದ ಮುಟ್ಟದೆ ಲೆಕ್ಕ ಹೇಳಿದೆ. ಆಕೆಗೆ ಅದು ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆಯೂ ಹೇಳಿದೆ.

ಮಧ್ಯಾಹ್ನವೆಲ್ಲ ಕೊರೆದೆ. ಮೂವತ್ತೆರಡು ಹಲ್ಲು ಮುತ್ತಿನಂತೆ ಬಂದವು. ಕೊನೆಯದು ಹೆಚ್ಚುಕಡಿಮೆ ಎರಡು ಹಲ್ಲಿನ ಜಾಗ ಹಿಡಿದು ದಪ್ಪಗಿತ್ತು.

ಮಾಲೀಕರು ಬಗ್ಗಿ ನೋಡಿ, "ದಪ್ಪ ಇದ್ರೆ ಬಾಳಿಕೆ ಬರ್ತೈತೆ ಬಿಡ್ರಿ" ಎಂದರು.

"ಹಂಗಾದ್ರೆ ನಿಮ್ಮ ಬಾಯಿಗೆ ಅಂಥದೊಂದು ಕಟ್ಟಿಸ್ಕೊಂಡು ನೋಡ್ರಿ" ಎಂದರು ಆಕೆ.

ನಾನು ಡಿವೈಡಿಂಗ್ ಹೆಡ್ ಸವೆದಿದೆ ಎಂದೆ. ತಟ್ಟೆಯ ತೂತುಗಳೇ ಸರಿಯಿಲ್ಲ ಎಂದೆ. ಸರ್ಟಿಫಿಕೇಟ್ ಒಂದನ್ನು ಬಿಟ್ಟು ಮಿಕ್ಕ ಎಲ್ಲದರಲ್ಲೂ ದೋಷ ಕಂಡುಹಿಡಿದೆ. ಚಾಚಾ ಹತ್ತಿರ ಬಂದು, "ಪಿನ್ ಕೂತಿರೋ ತೂತಿಂದ ಹೆಂಗೆ ಎಣಿಸ್ತೀಯ, ತೋರ್ಸು" ಎಂದರು. ಆ ತೂತಿನ ಮೇಲೆಯೇ ಬೆರಳಿಟ್ಟು "ಒಂದು" ಎಂದೆ.

"ಚನ್ನಗಿರೀಲಿ ಹೊನ್ನಾಳಿ ಬಸ್ ಹತ್ತಿ, ಚನ್ನಗಿರಿನೇ ಒಂದನೇ ಸ್ಟಾಪು ಅಂತ ಎಣಿಸಿದ್ರೆ ಒಂದು ಊರು ಹಿಂದೇನೇ ಇಳೀತೀಯಪ್ಪ."

ಏಳು ತೂತು ಎಂದುಕೊಂಡು ಪ್ರತಿ ಸಲ ಆರೇ ತೂತು ಸರಿಸಿದ್ದೆ. ಉಳಿದ ಜಾಗವೆಲ್ಲ ಕೊನೆಯ ಹಲ್ಲಿನ ಪಾಲಿಗೆ ಹೋಗಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಹೇಳಿದ್ನಲ್ಲ, ಗೀಟು ಹಾಕು ಅಂತ. ನಿಂಗೆ ಲೆಕ್ಕ ಬರ್ತಿತ್ತು" ಎಂದರು, ಸ್ವಲ್ಪವೂ ನಗದೆ.

ಆಕೆ ರಾತ್ರಿಗೆ ತ್ಯಾವಣಿಗೆಯ ನೆಂಟರ ಮನೆಗೆ ಹೋಗಿ ಮರುದಿನ ಬಂದು ಅದೇ ಬೆಂಚಿನ ಮೇಲೆ ಕುಳಿತರು. ಚಾಚಾ ಇನ್ನೊಂದು ಬಿಲ್ಲೆ ಕಡೆದಿದ್ದರು. ಈ ಸಲ ಲೆಕ್ಕ ಬಾರದವನಂತೆ ಸುತ್ತ ಗೀಟು ಹಾಕುತ್ತ ಬಂದೆ. ಮೂವತ್ತನಾಲ್ಕನೆಯ ಗೀಟು ಮೊದಲನೆಯದರ ಮೇಲೆಯೇ ಬಿತ್ತು. ಪರೀಕ್ಷೆ ಪಾಸಾದ ದಿನವೂ ಅಷ್ಟು ನೆಮ್ಮದಿಯಾಗಿರಲಿಲ್ಲ.

ಗೇರು ಸಿದ್ಧವಾದ ಮೇಲೆ ಆಕೆ ಒಂದೊಂದು ಹಲ್ಲಿನ ಮೇಲೂ ಬೆರಳಾಡಿಸಿ ನೋಡಿ ಚೀಲದೊಳಗಿಟ್ಟರು. ಅದೇ ಚೀಲದಿಂದ ಹುರಿದ ಶೇಂಗಾ ತೆಗೆದು ಚಾಚಾಗೆ ಬೊಗಸೆ ತುಂಬ ಕೊಟ್ಟರು. ಆಮೇಲೆ ನನ್ನ ಕೈಗೂ ಒಂದಿಷ್ಟು ಸುರಿದು ಹೇಳಿದರು:

"ನೀವು ಎಣಿಸ್ಕೊಂಡು ತಿನ್ರಿ."