ದೊಡ್ಡಪ್ಪನ ಬಡತನಕ್ಕೆ ನನ್ನ ಸಹಿ

“ಈ ಮುದುಕಗ ಬಡವ ಅಂತ ಸರ್ಟಿಫಿಕೇಟು? ಈ ಜನ್ಮದಾಗ ಸಿಗಾಂಗಿಲ್ರಿ,” ಎಂದರು ಧರ್ಮಾಸ್ಪತ್ರೆಯ ಗುಮಾಸ್ತರು. ಚಳಿಜ್ವರದಿಂದ ನಡುಗುತ್ತಿದ್ದ ನನ್ನ ದೊಡ್ಡಪ್ಪನನ್ನು ಮಲಪನಗುಡಿಯಿಂದ ನೆರೆಯವರ ಎತ್ತಿನ ಬಂಡಿಯಲ್ಲಿ ಹೊಸಪೇಟೆಗೆ ಕರೆತಂದಿದ್ದೆ. ಬಡವರ ಅನುಕೂಲಕ್ಕೆಂದೇ ಹೊಸ ಕಾಯಿದೆ ಬಂದಿತ್ತು: ಇನ್ನು ಮೇಲೆ ಬಡವನೆಂದು ಸರ್ಟಿಫಿಕೇಟು ಇದ್ದವರಿಗೆ ಮಾತ್ರ ಪುಕ್ಕಟೆ ಔಷಧಿ. ಬಂಡಿಯಲ್ಲಿ ಬಂದವನು ಬಡವನಲ್ಲ ಎಂಬುದು ಗುಮಾಸ್ತರ ನ್ಯಾಯ.

ಮರುದಿನ ದೊಡ್ಡಪ್ಪ ಹಟ ಹಿಡಿದು, ನನ್ನ ಹೆಗಲ ಮೇಲೆ ಭಾರ ಹಾಕಿ ನಡೆದೇ ಬಂದ. ಗುಮಾಸ್ತರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಅಷ್ಟು ದೂರ ನಡದು ಬಂದಾನಂದ ಮ್ಯಾಲ ಎಂಥಾ ಜಡ್ಡ್ರಿ ಇವಗ?”

ನಮ್ಮ ವಂಶಕ್ಕೆ ಮೊದಲ ಬಿ.ಎ. ನಾನು. ಬಂಡಿ, ಎತ್ತು ಎಲ್ಲ ಮಾರಿ ನನ್ನನ್ನು ಓದಿಸಿದವನು ಇದೇ ದೊಡ್ಡಪ್ಪ. ಸಿಟ್ಟು ನೆತ್ತಿಗೇರಿ, ಕಲಿತ ಇಂಗ್ಲಿಷನ್ನೆಲ್ಲ ಅಲ್ಲೇ ಗಟ್ಟಿಯಾಗಿ ಒದರಿದೆ. ಒಳಗಿದ್ದ ಡಾಕ್ಟರು ಗಾಬರಿಯಾಗಿ ಹೊರಬಂದರು. ನಾನು ಪದವೀಧರನೆಂದು ತಿಳಿದದ್ದೇ ಕುರ್ಚಿ ಹಾಕಿಸಿದರು. ಬಡವನೆಂಬ ಸರ್ಟಿಫಿಕೇಟನ್ನು ಪದವೀಧರರು ಯಾರು ಬರೆದುಕೊಟ್ಟರೂ ನಡೆಯುತ್ತದೆ ಎಂದರು. ಹೀಗೆ ನಾನು ಹೆಸರಿನ ಮುಂದೆ ಬಿ.ಎ. ಎಂದು ಮೊಟ್ಟಮೊದಲು ಬರೆದದ್ದು, ನನ್ನ ದೊಡ್ಡಪ್ಪ ಗತಿಯಿಲ್ಲದವನು ಎಂಬ ಕಾಗದದ ಕೆಳಗೆ!

ಗುಮಾಸ್ತರು ಅದಕ್ಕೆ ಮುದ್ರೆ ಒತ್ತಿ, ನಗುತ್ತಲೇ ದೊಡ್ಡಪ್ಪನ ಕೈಗಿತ್ತರು. ಅವನು ಕ್ವಿನೈನ್ ಕುಡಿದು ಮುಖ ಕಿವುಚಿ ಹೇಳಿದ: “ಮನ್ಯಾಗ ಒಬ್ಬ ಬಿ.ಎ. ಇರಬೇಕು ನೋಡಲೇ. ಇಲ್ಲಾಂದ್ರ ಬಡವ ಆಗಾಕೂ ಬಿಡಾಂಗಿಲ್ಲ.”