ಲಿನ್ ತಾಟಿನಲ್ಲಿ ಬೆಳ್ಳುಳ್ಳಿ

ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದೆ. ಅಡುಗೆಮನೆಗೆ ಬಂದ ಮೇಘಾ ನನ್ನ ಕೈ ನೋಡಿ ಅಲ್ಲೇ ನಿಂತಳು.

"ಅಕ್ಕಾರ, ಇದನ್ನ ಲಿನ್ ಅವರ ಊಟಕ್ಕೂ ಹಾಕ್ತೀರೇನು?"

"ಹಾಕದ ಏನ್ ಮಾಡ್ಲಿ? ಬಳ್ಳೊಳ್ಳಿ ಇಲ್ಲದ ಶೇಂಗಾ ಚಟ್ನಿ ಆಗ್ತತೇನು?"

ಅವಳ ಮುಖ ಸಣ್ಣದಾಯಿತು. ಆಮೇಲೆ ಅವಳು ಹೇಳಿದ್ದು ಕೇಳಿ ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟೆ...

ಗೊತ್ತಿಲ್ಲದವರಿಗೆ ಹೇಳ್ತೀನಿ. ಮುಂಡರಗಿಯಲ್ಲಿ ನಮ್ಮದೊಂದು ಸಸ್ಯಾಹಾರಿ ಖಾನಾವಳಿ ಇದೆ. ನಾನು, ನಮ್ಮ ಅತ್ತೆ, ರೊಟ್ಟಿ ಬಡಿಯುವ ಇಬ್ಬರು ಹೆಂಗಸರು, ಅಷ್ಟೇ.

ಊರಾಚೆ ಗಾಳಿಯಂತ್ರ ಕೂಡಿಸಲು ಚೀನಾದಿಂದ ಮೂವರು ಬಂದಿದ್ದರು. ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ತಿಳಿಸುವ ಕೆಲಸ ಹುಬ್ಬಳ್ಳಿಯ ಮೇಘಾಳದು.

ಸೈಟಿನ ಊಟದಲ್ಲಿ ದಿನಾ ಕೋಳಿ ಇರುತ್ತಿತ್ತು. ಮೂವರಲ್ಲಿ ಲಿನ್ ಎಂಬುವನು ಮಾಂಸ ಬೇಡ ಅಂದದ್ದಕ್ಕೆ ಎಲ್ಲರೂ ನಮ್ಮಲ್ಲಿಗೇ ಬರತೊಡಗಿದರು.

ಮೊದಲ ದಿನವೇ ನಮ್ಮ ಅತ್ತೆ ಕೇಳಿಬಿಟ್ಟರು, ನಿಮ್ಮ ಧರ್ಮ ಯಾವುದು ಅಂತ. ಮೂವರೂ ತಲೆ ಅಲ್ಲಾಡಿಸಿದರು. ಯಾವುದೂ ಇಲ್ಲವಂತೆ.

ಅತ್ತೆಗೆ ಅದು ಅರಗಲಿಲ್ಲ. ಹಾಗಂದವರ ಪೈಕಿ ದೊಡ್ಡವನಾದ ಜಾವ್, ಅವರಪ್ಪನ ವರ್ಷದ ತಿಥಿ ಬಂದಾಗ ಮೊಬೈಲಿನಲ್ಲಿ ಅಪ್ಪನ ಫೋಟೋ ಇಟ್ಟು, ಅದರ ಮುಂದೆ ಮೊದಲ ರೊಟ್ಟಿ, ಒಂದು ಕಪ್ ಚಹಾ ಇಟ್ಟು, ಆಮೇಲೆ ತಾನು ಉಂಡ. ಜೇಬಿನಲ್ಲಿ ತಾವೋ ಎಂಬ ಅವರ ಹಳೆಯ ಪಂಥದ ಯಾವುದೋ ಗುಡಿಯ ಪೂಜಾರಿ ರಕ್ಷೆಗೆಂದು ಬರೆದುಕೊಟ್ಟ ಹಳದಿ ಚೀಟಿಯೂ ಇತ್ತು.

"ಮತ್ತ ಇಲ್ಲ ಅಂದ್ರ ಹೆಂಗಬೇ? ಇದು ಎಡಿ ಹಿಡಿಯೋದಲ್ಲೇನು?" ಅಂದರು ಅತ್ತೆ.

"ಅಮ್ಮಾರ, ಅವರ ಕಡೆ ಹಂಗ್ರಿ," ಅಂದಳು ಮೇಘಾ. "ಧರ್ಮ ಯಾವ್ದು ಅಂದ್ರ ಇಲ್ಲ ಅಂತಾರ. ಆದ್ರ ಬುದ್ಧಗ ಕೈ ಮುಗೀತಾರ, ತಾವೋ ಗುಡಿಗೂ ಹೋಗ್ತಾರ, ಹಿರೇರ ವಿಷಯದಾಗ ಕನ್‌ಫ್ಯೂಷಿಯಸ್ ಹೇಳಿದಂಗ ನಡೀತಾರ. ಒಂದ ಮನ್ಯಾಗ ಎಲ್ಲಾ ಇರ್ತಾವ್ರಿ. ಮಸೀದಿಗೆ, ಚರ್ಚಿಗೆ ಹೋಗೋ ಮಂದಿ ಬ್ಯಾರೆ ಅದಾರ. ಖರೇನ ಏನೂ ನಂಬದೋರೂ ಭಾಳ ಅದಾರ."

ಮೂರನೆಯವನು ಆ ಕೊನೆಯ ಪೈಕಿ. ಅವನಿಗೆ ರೊಟ್ಟಿ ಬಿಸಿ ಇದ್ದರೆ ಸಾಕು.

ಲಿನ್ ಮೊಬೈಲ್ ತೆರೆದರೆ ಬಿಳಿ ಬಟ್ಟೆ ಉಟ್ಟ, ಕೈಯಲ್ಲಿ ಸಣ್ಣ ಹೂಜಿ ಹಿಡಿದ ಒಬ್ಬ ತಾಯಿ. ಗ್ವಾನ್‌ಯಿನ್ ಅಂತೆ, ಕರುಣೆಯ ದೇವಿ. ಅತ್ತೆ ನೋಡಿದ ಕೂಡಲೇ ಮೊಬೈಲನ್ನೇ ಕಣ್ಣಿಗೊತ್ತಿಕೊಂಡರು.

ಇದೇ ಲಿನ್ ಮೊದಲ ಮೂರು ದಿನ ನನ್ನ ಹೊಟ್ಟೆ ಉರಿಸಿದ. ರೊಟ್ಟಿ, ಮೊಸರು, ಸವತೆಕಾಯಿ ಬಿಟ್ಟರೆ ಏನೂ ಮುಟ್ಟುತ್ತಿರಲಿಲ್ಲ. ಪಲ್ಯ, ಚಟ್ನಿ ಹಾಕಿದ್ದು ಹಾಕಿದ ಹಾಗೇ.

ನನ್ನ ಕೈ ಅಡುಗೆಗೆ ಹೆಸರಿದೆ ರೀ. ಬಿಡ್ತೀನಾ? ನಾಲ್ಕನೇ ದಿನದಿಂದ ಎದುರಿಗೇ ನಿಂತು, "ಉಣ್ರಿ, ನಾಚ್ಕೋಬ್ಯಾಡ್ರಿ" ಅಂತ ಚಮಚೆ ಚಮಚೆ ಚಟ್ನಿ ಬಡಿಸಿದೆ. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ತಾಟು ಖಾಲಿ.

ಕಡೆಗೂ ದಾರಿಗೆ ಬಂದ ಅಂತ ಅತ್ತೆಯ ಮುಂದೆ ಕೊಚ್ಚಿಕೊಂಡಿದ್ದೆ ಕೂಡ.

ಈಗ ಮೇಘಾ ಹೇಳುತ್ತಿದ್ದಾಳೆ, ಅದು ಹರಕೆ ಅಂತ. ಅವನ ತಾಯಿಗೆ ಹೃದಯದ ಆಪರೇಷನ್ ಇದೆ. ಆಕೆ ಮನೆಗೆ ಬಂದು ಓಡಾಡುವವರೆಗೆ ಮಾಂಸ ಮುಟ್ಟೋದಿಲ್ಲ ಎಂದು ಗ್ವಾನ್‌ಯಿನ್‌ಗೆ ಹೇಳಿಕೊಂಡಿದ್ದಾನೆ. ಆ ಹರಕೆ ಹೊತ್ತವರು ಬೆಳ್ಳುಳ್ಳಿ, ಉಳ್ಳಾಗಡ್ಡಿಯನ್ನೂ ತಿನ್ನುವಂತಿಲ್ಲ. ಇದನ್ನೆಲ್ಲ ಅವನು ಬಾಯಿ ಬಿಟ್ಟದ್ದು ಆವತ್ತು ಬೆಳಿಗ್ಗೆ, ಗಾಡಿಯಲ್ಲಿ.

ಆಪರೇಷನ್ ನಾಡಿದ್ದು.

ನಾನು ಶ್ರಾವಣ ಸೋಮವಾರ ಹಿಡಿಯುವವಳು. ನನಗೆ ಯಾರಾದರೂ ಹೀಗೆ ಎದುರು ನಿಂತು ತತ್ತಿ ತಿನ್ನಿಸಿದ್ದರೆ? ಏಳು ಜನ್ಮ ಶಪಿಸುತ್ತಿದ್ದೆ.

ಹೇಳದಿದ್ದರೆ ಅವನಿಗೆ ಗೊತ್ತಾಗೋದಿಲ್ಲ, ಇನ್ನು ಮುಂದೆ ಅವನಿಗೆ ಬೇರೆ ಮಾಡಿ ಹಾಕಿದರಾಯಿತು ಅಂತ ಮನಸ್ಸು ಹೇಳಿತು. ಆ ದಿನ ಹಾಗೇ ಮಾಡಿದೆ. ನಾಚಿಕೆ ಬಿಟ್ಟು ಹೇಳ್ತೀನಿ, ಹೆದರಿಕೆಯಾಗಿತ್ತು. ಆ ತಾಯಿಗೆ ಏನಾದರೂ ಆದರೆ ಅದಕ್ಕೆ ನನ್ನ ಚಟ್ನಿಯೇ ಕಾರಣ ಅನ್ನಿಸಿ ಉಣ್ಣದೇ ಮಲಗಿದೆ.

ಮರುದಿನ ಮಧ್ಯಾಹ್ನ ಮೂವರೂ ಕೂತಿದ್ದಾರೆ. ಸೀದಾ ಲಿನ್ ಎದುರು ಹೋಗಿ ಕೈ ಮುಗಿದೆ.

"ತಪ್ಪಾತ್ರಿ ಯಪ್ಪಾ. ನಿಮಗ ಗೊತ್ತಿಲ್ಲದಂಗ ಬಳ್ಳೊಳ್ಳಿ ತಿನ್ನಿಸೀನಿ. ನಿಮ್ಮ ದೇವಿ ಸಿಟ್ಟಾಗೂದಿದ್ರ ನನ್ನ ಮ್ಯಾಲ ಆಗ್ಲಿ, ನಿಮ್ಮ ತಾಯಿ ಮ್ಯಾಲ ಬ್ಯಾಡ."

ಮೇಘಾ ತಿಳಿಸಿದಳು. ಲಿನ್ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಅವನ ಮುಖ ಕೆಂಪಾಯಿತು. ನಿಧಾನಕ್ಕೆ ಪಕ್ಕದ ಜಾವ್ ಕಡೆ ತಿರುಗಿದ.

ಜಾವ್ ನಗತೊಡಗಿದ. ಅವರವರಲ್ಲೇ ಏನೇನೋ ಮಾತು. ಮೇಘಾ ಬಾಯಿಗೆ ಓಡಣಿ ಒತ್ತಿಕೊಂಡು ನಗುತ್ತಿದ್ದಾಳೆ. ನನಗೆ ಜೀವ ಹೋಗುತ್ತಿದೆ.

"ಅಕ್ಕಾರ, ಮೊದಲನೇ ದಿನ ವಾಸನಿಗೇ ಗೊತ್ತಾಗಿತ್ತಂತ. ಒಂದ ತುತ್ತೂ ತಿಂದಿಲ್ಲಂತ್ರಿ. ನೀವು ಅಷ್ಟ ಅಕ್ಕರತಿಯಿಂದ ನಿಂತು ಹಾಕ್ತಿದ್ರಿ, ಬ್ಯಾಡ ಅನ್ನಾಕ ಮನಸ್ಸಾಗಲಿಲ್ಲಂತ. ನೀವು ಒಳಗ ಹೋದ ಕೂಡಲೇ ಎಲ್ಲಾ ಜಾವ್ ಅವರ ತಾಟಿಗೆ ಹೋಗ್ತಿತ್ತಂತ. ಪಾಪ, ಅವರ ಪ್ಯಾಂಟ್ ಬಿಗಿ ಆಗೇತಂತ್ರಿ."

ಜೋಳದ ಚೀಲದ ಮೇಲೆ ಕುಸಿದು ಕೂತೆ. ನಗು ಬಂತು, ಅದರ ಹಿಂದೆಯೇ ಅಳು ಬಂತು.

ಅತ್ತೆ ಮಾತ್ರ ನಗಲಿಲ್ಲ. "ಅಲ್ಲಲೇ, ಇಷ್ಟ ದಿನ ಬರೇ ಮೊಸರ ರೊಟ್ಟಿ ತಿಂದ್ ದುಡದೇತಲ್ಲ ಕೂಸು," ಅಂತ ಎದ್ದು ಒಳಗೆ ಹೋದರು. ಹಸಿಶುಂಠಿ, ಕೊಬ್ಬರಿ ಹಾಕಿ ಹೆಸರುಕಾಳು ಪಲ್ಯ ತಾವೇ ಮಾಡಿದರು. ಆವತ್ತು ಲಿನ್ ಐದು ರೊಟ್ಟಿ ತಿಂದ.

ಆಪರೇಷನ್ ಸುಸೂತ್ರವಾಯಿತು. ಮೊನ್ನೆ ಲಿನ್ ವಿಡಿಯೋ ತೋರಿಸಿದ. ಅವನ ತಾಯಿ ಗೋಡೆ ಹಿಡಿದು ತಮ್ಮ ಮನೆಯ ಪಡಸಾಲೆಯಲ್ಲಿ ನಡೆಯುತ್ತಿದ್ದಾರೆ. ಸಮಾಧಾನದಿಂದ ಅದನ್ನು ಎರಡೆರಡು ಸಲ ನೋಡಿದೆ.

ಒಂದು ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ನಾನು ಬಾಯಿ ಬಿಡದಿದ್ದರೆ ಅವನೂ ಬಿಡುತ್ತಿರಲಿಲ್ಲ.

ನಿಮ್ಮ ಒತ್ತಾಯಕ್ಕೆ ಎದುರಾಡಲಾಗದೆ, ಅರೆಹೊಟ್ಟೆಯಲ್ಲಿ ನಗುನಗುತ್ತಾ ಎದ್ದು ಹೋದವರು ಎಷ್ಟು ಜನ ಇರಬಹುದು, ಎಂದಾದರೂ ಕೇಳಿ ನೋಡಿದ್ದೀರಾ?